ಫೀಸು ಇಲ್ಲದ ಕಾಲೇಜಿನ ಲೆಕ್ಕ ಪುಸ್ತಕ

ಲಾಭದ ಉದ್ದೇಶವಿಲ್ಲದ ಸಂಸ್ಥೆಗಳ ಲೆಕ್ಕದ ಬಗ್ಗೆ ಮಾತು ಬಂದಾಗ ನಮ್ಮ ಅಕೌಂಟೆನ್ಸಿ ಸರ್ ಒಂದು ಪ್ರಶ್ನೆ ಕೇಳಿದರು. ಒಂದು ಖಾಸಗಿ ಕಾಲೇಜು ಇದೆ, ಅದು ವಿದ್ಯಾರ್ಥಿಗಳಿಂದ ಬೋಧನಾ ಶುಲ್ಕವಾಗಿ ಒಂದು ಪೈಸೆಯನ್ನೂ ತೆಗೆದುಕೊಳ್ಳುವುದಿಲ್ಲ. ಹಾಗಾದರೆ ಅದರ ಆದಾಯದ ಕಡೆ ಏನು ಬರೆಯುತ್ತೀರಿ? ಕೆಲವರು ದೇಣಿಗೆ ಎಂದರು, ಕೆಲವರು ಸರ್ಕಾರದ ಅನುದಾನ ಎಂದರು. ಎರಡೂ ಪೂರ್ತಿ ಸರಿಯಲ್ಲ. ಸರಿಯಾದ ಉತ್ತರ ಹುಡುಕುತ್ತಾ ನಾನು ಓದಿಕೊಂಡ ವಿಷಯವನ್ನು ಈ ಸಂಚಿಕೆಯ ಓದುಗರಿಗಾಗಿ ಪಾಠದ ರೂಪದಲ್ಲಿ ಬರೆದಿದ್ದೇನೆ. ವಾಣಿಜ್ಯದವರಿಗೆ ಇದರಲ್ಲಿ ಲೆಕ್ಕ ಸಿಗುತ್ತದೆ, ಕಲಾ ವಿಭಾಗದವರಿಗೆ ಚರಿತ್ರೆ ಸಿಗುತ್ತದೆ. ವಿಜ್ಞಾನದವರೂ ಓದಬಹುದು, ಒಬ್ಬ ನೊಬೆಲ್ ವಿಜ್ಞಾನಿಯೂ ಇದ್ದಾರೆ.

ಕಾಲೇಜಿನ ಹೆಸರು ಬೆರಿಯಾ ಕಾಲೇಜ್. ಅಮೆರಿಕದ ಕೆಂಟಕಿ ರಾಜ್ಯದಲ್ಲಿ, ಲೆಕ್ಸಿಂಗ್ಟನ್ ನಗರದ ದಕ್ಷಿಣಕ್ಕೆ, ಅಪಲೇಶಿಯನ್ ಬೆಟ್ಟಗಳು ಶುರುವಾಗುವ ಜಾಗದಲ್ಲಿ ಬೆರಿಯಾ ಎಂಬ ಸಣ್ಣ ಊರಿದೆ. ಊರಿಗೂ ಕಾಲೇಜಿಗೂ ಒಂದೇ ಹೆಸರು. ವಿದ್ಯಾರ್ಥಿಗಳ ಸಂಖ್ಯೆ ಸುಮಾರು 1,500. ಅಮೆರಿಕದ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ನಲವತ್ತು ಐವತ್ತು ಸಾವಿರ ಜನ ಓದುತ್ತಾರೆ. ಆ ಲೆಕ್ಕದಲ್ಲಿ ಇದು ತೀರಾ ಚಿಕ್ಕದು. 1892ರಿಂದ ಇಲ್ಲಿ ಬೋಧನಾ ಶುಲ್ಕವಿಲ್ಲ.

ಲಿಬರಲ್ ಆರ್ಟ್ಸ್ ಎಂದರೆ ಕಲಾ ವಿಭಾಗವಲ್ಲ

ಬೆರಿಯಾವನ್ನು ಲಿಬರಲ್ ಆರ್ಟ್ಸ್ ಕಾಲೇಜು ಎನ್ನುತ್ತಾರೆ. ಈ ಪದ ಕೇಳಿದರೆ ನಮಗೆ ಮೊದಲು ನೆನಪಾಗುವುದು ಪಿಯುಸಿಯ ಕಲಾ ವಿಭಾಗ. ಆದರೆ ಅರ್ಥ ಬೇರೆ. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಮುಗಿದ ಕೂಡಲೇ ದಾರಿ ಕವಲೊಡೆಯುತ್ತದೆ. ಪಿಸಿಎಂಬಿ ತೆಗೆದುಕೊಂಡವರು ಮತ್ತೆ ಇತಿಹಾಸದ ಪುಸ್ತಕ ಮುಟ್ಟುವುದಿಲ್ಲ, ಎಸ್‌ಇಬಿಎ ಅಥವಾ ಸಿಇಬಿಎ ತೆಗೆದುಕೊಂಡ ನಮ್ಮಂಥವರು ಮತ್ತೆ ಜೀವಶಾಸ್ತ್ರದ ಪ್ರಯೋಗಾಲಯಕ್ಕೆ ಕಾಲಿಡುವುದಿಲ್ಲ. ಹದಿನಾರನೇ ವಯಸ್ಸಿನಲ್ಲಿ ಆರಿಸಿದ್ದೇ ಕೊನೆ.

ಲಿಬರಲ್ ಆರ್ಟ್ಸ್ ಕಾಲೇಜಿನಲ್ಲಿ ನಾಲ್ಕು ವರ್ಷದ ಪದವಿ. ಮೊದಲು ಎಲ್ಲರೂ ಬರೆಯುವುದು, ವಾದ ಮಾಡುವುದು, ವಿಜ್ಞಾನದ ವಿಧಾನ, ಬೇರೆ ಸಂಸ್ಕೃತಿಗಳ ಪರಿಚಯ ಇಂಥ ಸಾಮಾನ್ಯ ವಿಷಯಗಳನ್ನು ಓದುತ್ತಾರೆ. ಆಮೇಲೆ ಒಂದು ಮುಖ್ಯ ವಿಷಯ ಆರಿಸಿಕೊಳ್ಳುತ್ತಾರೆ. ವ್ಯವಹಾರ ಆಡಳಿತ ಓದುವ ಹುಡುಗಿ ಸಂಗೀತದ ತರಗತಿಗೂ ಹೋಗಬಹುದು, ರಸಾಯನಶಾಸ್ತ್ರದ ಹುಡುಗ ಕಾವ್ಯವನ್ನೂ ಓದಬೇಕಾಗಬಹುದು. ತರಗತಿಗಳು ಚಿಕ್ಕವು. ಸುಮಾರು ಹತ್ತು ವಿದ್ಯಾರ್ಥಿಗಳಿಗೆ ಒಬ್ಬ ಅಧ್ಯಾಪಕರ ಪ್ರಮಾಣವಿರುವುದರಿಂದ ಹಿಂದಿನ ಬೆಂಚಿನಲ್ಲಿ ಅಡಗಿ ಕೂರುವುದು ಕಷ್ಟ.

ಬೆರಿಯಾದಲ್ಲಿ ಪಾಠವಲ್ಲದೆ ಬೇರೆ ಕಟ್ಟುಪಾಡುಗಳೂ ಇವೆ. ಹೊರಗಿನಿಂದ ಬರುವ ವಿದ್ವಾಂಸರ ಉಪನ್ಯಾಸ, ಸಂಗೀತ, ನಾಟಕಗಳ ಸಭೆಗಳಿಗೆ ವಿದ್ಯಾರ್ಥಿಗಳು ಹಾಜರಾಗುತ್ತಾರೆ, ಅದಕ್ಕೂ ಅಂಕದ ಲೆಕ್ಕವಿದೆ. ವರ್ಷಕ್ಕೊಮ್ಮೆ ಬೆಟ್ಟದ ದಿನ ಎಂಬ ರಜೆ. ಅಂದು ಇಡೀ ಕಾಲೇಜು ಹತ್ತಿರದ ಬೆಟ್ಟ ಹತ್ತುತ್ತದೆ. ಇದು ಹತ್ತೊಂಬತ್ತನೇ ಶತಮಾನದಿಂದ ಬಂದ ಪದ್ಧತಿ. ಇವೆಲ್ಲಕ್ಕಿಂತ ದೊಡ್ಡ ಕಟ್ಟುಪಾಡು ಇನ್ನೊಂದಿದೆ: ಪ್ರತಿಯೊಬ್ಬ ವಿದ್ಯಾರ್ಥಿಯೂ ವಾರಕ್ಕೆ ಕನಿಷ್ಠ 10 ಗಂಟೆ ಕೆಲಸ ಮಾಡಲೇಬೇಕು. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಹಣದ ಲೆಕ್ಕ.

ಆದಾಯದ ಕಡೆ ಏನಿದೆ?

ಫೀಸು ಇಲ್ಲ ಎಂದರೆ ಖರ್ಚು ಇಲ್ಲ ಎಂದಲ್ಲ. ಅಧ್ಯಾಪಕರಿಗೆ ಸಂಬಳ ಕೊಡಬೇಕು, ಕಟ್ಟಡ, ಗ್ರಂಥಾಲಯ, ವಿದ್ಯುತ್ತು ಎಲ್ಲಕ್ಕೂ ದುಡ್ಡು ಬೇಕು. ಯಾರೋ ಒಬ್ಬರು ಕೊಡಲೇಬೇಕು. ಬೆರಿಯಾದಲ್ಲಿ ಅದರ ಬಹುಪಾಲನ್ನು ಕೊಡುತ್ತಿರುವುದು ಹಿಂದಿನ ಕಾಲದವರು. ಆ ಹಣಕ್ಕೆ ಕನ್ನಡದಲ್ಲಿ ದತ್ತಿನಿಧಿ ಎನ್ನುತ್ತಾರೆ. ನಮ್ಮ ಕಾಲೇಜು ದಿನಾಚರಣೆಯಲ್ಲಿ ಕೊಡುವ ದತ್ತಿ ಬಹುಮಾನ ಎಲ್ಲರಿಗೂ ಗೊತ್ತು. ಯಾರೋ ಒಬ್ಬರು ತಮ್ಮ ತಂದೆ ತಾಯಿಯ ನೆನಪಿಗೆ ಒಂದು ಮೊತ್ತ ಇಟ್ಟಿರುತ್ತಾರೆ, ಅದರ ವರಮಾನದಿಂದ ಪ್ರತಿ ವರ್ಷ ಬಹುಮಾನ ಕೊಡುತ್ತಾರೆ. ಮೂಲ ಹಣ ಹಾಗೇ ಇರುತ್ತದೆ. ಬೆರಿಯಾದ್ದೂ ಅದೇ ತತ್ವ, ಗಾತ್ರ ಮಾತ್ರ ದೊಡ್ಡದು: ನೂರು ಕೋಟಿ ಡಾಲರಿಗಿಂತ ಹೆಚ್ಚು.

ನಮ್ಮ ಮನೆಯಲ್ಲಿ ಉರ್ದು ಮಾತಾಡುತ್ತೇವೆ. ದತ್ತಿನಿಧಿ ಎಂಬ ಪದ ಅಮ್ಮಿಗೆ ಗೊತ್ತಿರಲಿಲ್ಲ. ನಾನು ವಿವರಿಸಿದ ಮೇಲೆ ಅವರು ಒಂದೇ ಮಾತಿನಲ್ಲಿ "ವಕ್ಫ್ ಅನ್ನು" ಎಂದರು. ಹೌದು, ತತ್ವ ಒಂದೇ. ವಕ್ಫ್‌ನಲ್ಲೂ ಮೂಲ ಆಸ್ತಿಯನ್ನು ಮಾರುವಂತಿಲ್ಲ, ಯಾರಿಗೂ ದಾನ ಮಾಡುವಂತಿಲ್ಲ, ಹಂಚಿಕೊಳ್ಳುವಂತಿಲ್ಲ. ಅದರಿಂದ ಬರುವ ಫಲವನ್ನು ಮಾತ್ರ ಉದ್ದೇಶಿಸಿದ ಕೆಲಸಕ್ಕೆ ಬಳಸಬೇಕು. ವ್ಯತ್ಯಾಸವೆಂದರೆ ನಮ್ಮ ಹಿರಿಯರು ಹೆಚ್ಚಾಗಿ ಜಮೀನು, ಮಳಿಗೆ, ಕಟ್ಟಡಗಳನ್ನು ಬಿಟ್ಟು ಹೋದರು. ಬೆರಿಯಾದ ನಿಧಿ ಹೆಚ್ಚಾಗಿ ಷೇರು, ಬಾಂಡು ಮುಂತಾದ ಹೂಡಿಕೆಗಳಲ್ಲಿದೆ.

ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ, ದತ್ತಿನಿಧಿಗೆ ಬಂದ ಹಣ ಬಂಡವಾಳ ಸ್ವೀಕೃತಿ. ಅದನ್ನು ಆದಾಯ ಮತ್ತು ವೆಚ್ಚದ ಖಾತೆಗೆ ತರುವಂತಿಲ್ಲ, ನೇರವಾಗಿ ಆಸ್ತಿ ಹೊಣೆ ಪಟ್ಟಿಯ ಹೊಣೆ ಕಡೆಗೆ ಹೋಗಬೇಕು. ಅದರಿಂದ ಪ್ರತಿ ವರ್ಷ ಹುಟ್ಟುವ ವರಮಾನ ಮಾತ್ರ ಆದಾಯ ಸ್ವೀಕೃತಿ. ಈ ಎರಡನ್ನು ಬೆರೆಸಿದರೆ ಪರೀಕ್ಷೆಯಲ್ಲಿ ಅಂಕ ಹೋಗುತ್ತದೆ. ನಿಜ ಜೀವನದಲ್ಲಿ ಬೆರೆಸಿದರೆ ಸಂಸ್ಥೆಯೇ ಹೋಗುತ್ತದೆ.

ಒಂದು ಉದಾಹರಣೆ ನೋಡೋಣ. 100 ಕೋಟಿ ನಿಧಿಯಿಂದ ವರ್ಷಕ್ಕೆ ನೂರಕ್ಕೆ 5ರಂತೆ ಖರ್ಚಿಗೆ ತೆಗೆದರೆ 5 ಕೋಟಿ ಸಿಗುತ್ತದೆ. ಹೂಡಿಕೆ ನೂರಕ್ಕೆ 8 ಗಳಿಸಿದರೆ ಉಳಿದ 3 ಕೋಟಿ ಮೂಲಕ್ಕೇ ಸೇರಿ ಬೆಲೆಯೇರಿಕೆಯನ್ನು ತಡೆದುಕೊಳ್ಳುತ್ತದೆ. ಅದೇ ವರ್ಷಕ್ಕೆ 12 ಕೋಟಿ ತೆಗೆದರೆ? ಗಳಿಕೆ 8 ಕೋಟಿ, ಹಾಗಾಗಿ 4 ಕೋಟಿ ಮೂಲದಿಂದಲೇ ಹೋಯಿತು. ಮುಂದಿನ ವರ್ಷ 96 ಕೋಟಿ ಮಾತ್ರ ದುಡಿಯುತ್ತದೆ, ಅದರ ಮುಂದಿನ ವರ್ಷ ಇನ್ನೂ ಕಡಿಮೆ. ಇದನ್ನು ಹದಿನಾಲ್ಕು ವರ್ಷ ಮಾಡಿಕೊಂಡು ಹೋದರೆ ನಿಧಿ ಬರಿದಾಗುವ ಅಂಚಿಗೆ ಬರುತ್ತದೆ. ಕ್ಯಾಲ್ಕುಲೇಟರ್ ಹಿಡಿದು ನೀವೇ ಮಾಡಿ ನೋಡಿ.

ಇಷ್ಟು ದೊಡ್ಡ ನಿಧಿ ಒಂದೇ ದಿನದಲ್ಲಿ ಆಗಲಿಲ್ಲ. 1920ರಲ್ಲಿ ಬೆರಿಯಾದ ಆಡಳಿತ ಮಂಡಳಿ ಒಂದು ತೀರ್ಮಾನ ಮಾಡಿತು. ಇಂಥದ್ದಕ್ಕೇ ಬಳಸಿ ಎಂದು ಷರತ್ತು ಹಾಕದೆ ಯಾರಾದರೂ ಉಯಿಲಿನಲ್ಲಿ ಹಣ ಬಿಟ್ಟು ಹೋದರೆ ಅದನ್ನು ಆ ವರ್ಷದ ಖರ್ಚಿಗೆ ಬಳಸದೆ ದತ್ತಿನಿಧಿಗೇ ಸೇರಿಸಬೇಕು. ಆಗ ಅದು ಕಷ್ಟದ ತೀರ್ಮಾನವೇ ಆಗಿದ್ದಿರಬೇಕು, ಏಕೆಂದರೆ ಬಡ ಕಾಲೇಜಿಗೆ ಕೈಗೆ ಬಂದ ಹಣವನ್ನು ಖರ್ಚು ಮಾಡದೆ ಇರುವುದು ಸುಲಭವಲ್ಲ. ಆ ತೀರ್ಮಾನದ ಫಲವನ್ನು ನೂರು ವರ್ಷದ ನಂತರದ ಹುಡುಗ ಹುಡುಗಿಯರು ಉಣ್ಣುತ್ತಿದ್ದಾರೆ.

ಕೊಟ್ಟವರಲ್ಲಿ ಒಬ್ಬರ ಹೆಸರು ಹೇಳಬೇಕು: ಚಾರ್ಲ್ಸ್ ಮಾರ್ಟಿನ್ ಹಾಲ್. ಇವರು 1886ರಲ್ಲಿ, 22ನೇ ವಯಸ್ಸಿನಲ್ಲಿ, ವಿದ್ಯುತ್ತಿನ ಸಹಾಯದಿಂದ ಅಲ್ಯೂಮಿನಿಯಂ ತೆಗೆಯುವ ಅಗ್ಗದ ವಿಧಾನ ಕಂಡುಹಿಡಿದರು. ಅದಕ್ಕೆ ಮುಂಚೆ ಅಲ್ಯೂಮಿನಿಯಂ ದುಬಾರಿ ಲೋಹ. ಇವತ್ತು ನಮ್ಮ ಅಡುಗೆಮನೆಯ ದೇಗ್ಚಿಯೂ ಅದೇ. ಹಾಲ್ 1914ರಲ್ಲಿ ತೀರಿಕೊಂಡಾಗ ತಮ್ಮ ಆಸ್ತಿಯ ಒಂದು ಭಾಗವನ್ನು ಬೆರಿಯಾಕ್ಕೆ ಬಿಟ್ಟರು.

ಈ ನಿಧಿಯಿಂದ ಒಂದು ತೊಂದರೆಯೂ ಬಂತು. 2017ರ ಕೊನೆಯಲ್ಲಿ ಅಮೆರಿಕದ ಸಂಸತ್ತು ಶ್ರೀಮಂತ ಕಾಲೇಜುಗಳ ಹೂಡಿಕೆ ಆದಾಯದ ಮೇಲೆ ಶೇಕಡ 1.4ರ ತೆರಿಗೆ ಹಾಕಿತು. ವಿದ್ಯಾರ್ಥಿಯೊಬ್ಬನ ಲೆಕ್ಕಕ್ಕೆ 5 ಲಕ್ಷ ಡಾಲರಿಗಿಂತ ಹೆಚ್ಚು ನಿಧಿ ಇರುವ ಕಾಲೇಜುಗಳಿಗೆ ಇದು ಅನ್ವಯವಾಗುತ್ತಿತ್ತು. ಈಗ ಭಾಗಾಕಾರ ಮಾಡಿ. 100 ಕೋಟಿ ಡಾಲರನ್ನು 1,500 ಜನಕ್ಕೆ ಹಂಚಿದರೆ ಒಬ್ಬರಿಗೆ 6 ಲಕ್ಷ 66 ಸಾವಿರ ಡಾಲರ್. ಹೀಗೆ ಬಡ ಮಕ್ಕಳ ಕಾಲೇಜು ಲೆಕ್ಕದಲ್ಲಿ ಶ್ರೀಮಂತ ಕಾಲೇಜಾಗಿ ಬಿಟ್ಟಿತು! 2018ರ ಫೆಬ್ರವರಿಯಲ್ಲಿ ಕಾನೂನಿಗೆ ತಿದ್ದುಪಡಿ ತಂದು, ಕನಿಷ್ಠ 500 ಮಂದಿ ಶುಲ್ಕ ಕಟ್ಟುವ ವಿದ್ಯಾರ್ಥಿಗಳಿರುವ ಕಾಲೇಜುಗಳಿಗೆ ಮಾತ್ರ ತೆರಿಗೆ ಎಂದು ಮಾಡಿದರು. ಬೆರಿಯಾದಲ್ಲಿ ಶುಲ್ಕ ಕಟ್ಟುವವರೇ ಇಲ್ಲವಾದ್ದರಿಂದ ಅದು ತೆರಿಗೆಯಿಂದ ಪಾರಾಯಿತು. ಕಾನೂನಿನಲ್ಲಿ ಒಂದೆರಡು ಪದ ಸೇರಿದರೆ ಎಷ್ಟು ವ್ಯತ್ಯಾಸವಾಗುತ್ತದೆ ನೋಡಿ.

ನಿಧಿಯನ್ನೇ ನಂಬಿದ ಕಾಲೇಜಿಗೆ ಅಪಾಯವೂ ಇದೆ. 2008ರ ಆರ್ಥಿಕ ಕುಸಿತದಲ್ಲಿ ಷೇರುಗಳು ಬಿದ್ದಾಗ ಬೆರಿಯಾದ ನಿಧಿಯೂ ಕರಗಿತು, ಖರ್ಚು ಕಡಿಮೆ ಮಾಡಬೇಕಾಯಿತು. ಬೇರೆ ಕಾಲೇಜುಗಳು ಅಂಥ ಸಮಯದಲ್ಲಿ ಫೀಸು ಏರಿಸುತ್ತವೆ. ಬೆರಿಯಾಕ್ಕೆ ಆ ದಾರಿ ಇಲ್ಲ.

ಹಾಗಾದರೆ ಕೆಲಸ ಏಕೆ?

ಫೀಸಿನ ಬದಲು ಕೆಲಸ ಮಾಡಿಸಿಕೊಳ್ಳುತ್ತಾರೆ ಎಂದು ಈ ಕಾಲೇಜಿನ ಬಗ್ಗೆ ಹಲವರು ತಿಳಿದುಕೊಳ್ಳುತ್ತಾರೆ. ಲೆಕ್ಕ ಮಾಡಿದರೆ ಅದು ಪೂರ್ತಿ ಸರಿಯಲ್ಲ ಎಂದು ಗೊತ್ತಾಗುತ್ತದೆ.

1,500 ಜನ ವಾರಕ್ಕೆ 10 ಗಂಟೆ ಎಂದರೆ 15,000 ಗಂಟೆ. ಒಬ್ಬ ಪೂರ್ಣಾವಧಿ ನೌಕರ ವಾರಕ್ಕೆ 40 ಗಂಟೆ ದುಡಿಯುತ್ತಾನೆ ಎಂದಿಟ್ಟುಕೊಂಡರೆ ಇದು 375 ನೌಕರರ ಕೆಲಸಕ್ಕೆ ಸಮ. ಕಾಲೇಜಿಗೆ ಇದರಿಂದ ಉಳಿತಾಯ ಖಂಡಿತ ಇದೆ. ಆದರೆ ಈ 375 ಜನ ನುರಿತ ನೌಕರರಲ್ಲ, ಕಲಿಯುತ್ತಿರುವ ಹುಡುಗರು. ಅವರಿಗೆ ಹೇಳಿಕೊಡಲು, ಮೇಲ್ವಿಚಾರಣೆ ಮಾಡಲು ಸಂಬಳದ ಜನ ಬೇಕು. ಪ್ರತಿ ವರ್ಷ ಕಲಿತವರು ಪದವಿ ಪಡೆದು ಹೋಗುತ್ತಾರೆ, ಹೊಸಬರು ಬರುತ್ತಾರೆ. ಜೊತೆಗೆ ಕಾಲೇಜು ಅವರಿಗೆ ಕೈಖರ್ಚಿಗೆ ಕೂಲಿಯನ್ನೂ ಕೊಡುತ್ತದೆ. ಬರೀ ಹಣದ ಲೆಕ್ಕವಾದರೆ ಹೊರಗಿನವರಿಗೆ ಗುತ್ತಿಗೆ ಕೊಡುವುದೇ ಸುಲಭ. ಆದರೂ ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಕೆಲಸ ನಡೆಯುತ್ತಿದೆ ಎಂದರೆ ಅದರ ಕಾರಣ ಹಣದ ಕಡೆ ಇಲ್ಲ, ಪಾಠದ ಕಡೆ ಇದೆ.

ಕೆಲಸಗಳು ಎಂಥವು? ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುವುದು, ಊಟದ ಮನೆಯಲ್ಲಿ ಬಡಿಸುವುದು, ಕಟ್ಟಡ ಗುಡಿಸುವುದು, ಕಂಪ್ಯೂಟರ್ ದುರಸ್ತಿ, ಲೆಕ್ಕಪತ್ರ ಕಚೇರಿಯ ಕೆಲಸ, ಕಿರಿಯ ವಿದ್ಯಾರ್ಥಿಗಳಿಗೆ ಪಾಠ ಹೇಳಿಕೊಡುವುದು. ಕಾಲೇಜಿಗೆ 1871ರಿಂದ ನಡೆಯುತ್ತಿರುವ ಒಂದು ತೋಟ ಇದೆ. ಅಲ್ಲಿ ಬೆಳೆ, ದನ, ತರಕಾರಿ ಎಲ್ಲವನ್ನೂ ವಿದ್ಯಾರ್ಥಿಗಳು ನೋಡಿಕೊಳ್ಳುತ್ತಾರೆ. 1909ರಲ್ಲಿ ತೆರೆದ ಬೂನ್ ಟಾವರ್ನ್ ಎಂಬ ಹೋಟೆಲ್ ಕಾಲೇಜಿನದೇ. ಅಲ್ಲೂ ವಿದ್ಯಾರ್ಥಿಗಳು ಕೆಲಸ ಮಾಡುತ್ತಾರೆ. ಕೈಮಗ್ಗದ ನೇಯ್ಗೆ, ಮರಗೆಲಸ, ಪೊರಕೆ ಕಟ್ಟುವುದು ಇಂಥ ಕರಕುಶಲ ವಿಭಾಗಗಳೂ ಇವೆ. ಹೌದು, ಪೊರಕೆ. ವಿದ್ಯಾರ್ಥಿಗಳು ಕಟ್ಟಿದ ಪೊರಕೆಗಳನ್ನು ಕಾಲೇಜು ಮಾರುತ್ತದೆ, ಜನ ಹುಡುಕಿಕೊಂಡು ಬಂದು ಕೊಳ್ಳುತ್ತಾರೆ.

ಮೊದಲ ವರ್ಷ ಯಾವ ಕೆಲಸ ಎಂದು ಕಾಲೇಜೇ ನಿಗದಿ ಮಾಡುತ್ತದೆ. ಆಮೇಲೆ ತಮಗೆ ಬೇಕಾದ ವಿಭಾಗಕ್ಕೆ ಅರ್ಜಿ ಹಾಕಬಹುದು, ಮೇಲಿನ ಜವಾಬ್ದಾರಿಗೆ ಏರಬಹುದು. ಕೆಲಸಕ್ಕೂ ಮೌಲ್ಯಮಾಪನವಿದೆ. ಓದಿನಲ್ಲಿ ಚೆನ್ನಾಗಿದ್ದು ಕೆಲಸ ತಪ್ಪಿಸಿದರೆ ಎಚ್ಚರಿಕೆ ಬರುತ್ತದೆ. ಪದವಿ ಮುಗಿದಾಗ ವಿದ್ಯಾರ್ಥಿಯ ಕೈಗೆ ಎರಡು ದಾಖಲೆ ಬರುತ್ತವೆ: ಒಂದು ಓದಿನ ಅಂಕಪಟ್ಟಿ, ಇನ್ನೊಂದು ಕೆಲಸದ ಪಟ್ಟಿ. ಎಲ್ಲಿ, ಏನು ಕೆಲಸ ಮಾಡಿದ, ಹೇಗೆ ಮಾಡಿದ ಎಂಬುದು ಎರಡನೆಯದರಲ್ಲಿ ಇರುತ್ತದೆ.

ಈ ಎರಡನೇ ಪಟ್ಟಿಯ ಬಗ್ಗೆ ಓದಿದಾಗ ನಾನು ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟೆ. ಏಕೆ ಎಂದು ಹೇಳುತ್ತೇನೆ.

ನಮ್ಮ ಕಾಲೇಜಿನಲ್ಲೂ ತುಂಬಾ ಜನ ಕೆಲಸ ಮಾಡುತ್ತಾರೆ. ಸಂಜೆ ಬೇಕರಿ ಕೌಂಟರಿನಲ್ಲಿ ನಿಲ್ಲುವವರು, ಮೊಬೈಲ್ ಅಂಗಡಿಯಲ್ಲಿ ರಿಪೇರಿ ಕಲಿಯುವವರು, ಭಾನುವಾರ ಮದುವೆ ಹಾಲ್‌ನಲ್ಲಿ ಬಡಿಸಲು ಹೋಗುವವರು, ಅಬ್ಬುವಿನ ತಳ್ಳುಗಾಡಿಯ ಹತ್ತಿರ ಲೆಕ್ಕ ನೋಡುವವರು. ಹುಡುಗಿಯರು ಮನೆಯಲ್ಲೇ ಹೊಲಿಗೆ, ಮೆಹಂದಿ, ಟ್ಯೂಷನ್. ನಮ್ಮ ಮನೆಯಲ್ಲಿ ಸೀರೆಗೆ ಕುಚ್ಚು ಕಟ್ಟುತ್ತೇವೆ. ಅಮ್ಮಿ ಜೊತೆ ನಾನೂ ಕಟ್ಟುತ್ತೇನೆ. ನನ್ನ ಈ ವರ್ಷದ ಫೀಸಿನಲ್ಲಿ ಆ ಕುಚ್ಚುಗಳ ಪಾಲು ಇದೆ. ಆದರೆ ಇದನ್ನು ನಾವ್ಯಾರೂ ತರಗತಿಯಲ್ಲಿ ಹೇಳುವುದಿಲ್ಲ. ನಿನ್ನೆ ಏಕೆ ಬೇಗ ಹೋದೆ ಎಂದು ಕೇಳಿದರೆ ತಲೆನೋವು ಎನ್ನುತ್ತೇವೆ. ಕೆಲಸ ಮಾಡುವವನು ಬಡವ, ಕೆಲಸ ಮಾಡದವನು ಒಳ್ಳೆ ಮನೆಯವನು ಎಂಬ ಲೆಕ್ಕ ಎಲ್ಲರ ತಲೆಯಲ್ಲೂ ಕೂತಿದೆ.

ಬೆರಿಯಾದಲ್ಲಿ ಈ ನಾಚಿಕೆಗೆ ಜಾಗವಿಲ್ಲದ ಹಾಗೆ ಮಾಡಿದ್ದಾರೆ. ಅದಕ್ಕೆ ಅವರು ಶ್ರಮದ ಗೌರವದ ಬಗ್ಗೆ ದೊಡ್ಡ ಭಾಷಣ ಮಾಡಬೇಕಾಗಿಲ್ಲ, ಎಲ್ಲರೂ ಕೆಲಸ ಮಾಡುತ್ತಾರೆ ಅಷ್ಟೇ. ಒಬ್ಬನೇ ಪೊರಕೆ ಹಿಡಿದರೆ ಅವನ ಮುಖ ನೋಡುತ್ತಾರೆ. ಎಲ್ಲರೂ ಹಿಡಿದರೆ ಯಾರ ಮುಖವನ್ನೂ ನೋಡುವುದಿಲ್ಲ, ನೆಲ ಗುಡಿಸಿತೇ ಎಂದು ಮಾತ್ರ ನೋಡುತ್ತಾರೆ. ವಿನಾಯಿತಿ ಇಲ್ಲದಿರುವುದರಲ್ಲೇ ಆ ವ್ಯವಸ್ಥೆಯ ಗುಟ್ಟು ಇದೆ.

ಕಾನೂನು ಬಾಗಿಲು ಮುಚ್ಚಿದಾಗ

ಎಲ್ಲರೂ ಒಟ್ಟಿಗೆ ಎಂಬ ಈ ನಿಯಮ ಕೆಲಸಕ್ಕೆ ಮಾತ್ರವಲ್ಲ, ಕಾಲೇಜಿನ ಹುಟ್ಟಿಗೂ ಸೇರಿದ್ದು. ಅದಕ್ಕಾಗಿ ಅದು ದೊಡ್ಡ ಬೆಲೆ ಕೊಟ್ಟಿದೆ. ಆ ಚರಿತ್ರೆ ಗೊತ್ತಿಲ್ಲದೆ ಲೆಕ್ಕ ಪೂರ್ತಿಯಾಗುವುದಿಲ್ಲ.

1855ರಲ್ಲಿ ಕೆಂಟಕಿಯಲ್ಲಿ ಗುಲಾಮಗಿರಿ ಕಾನೂನುಬದ್ಧವಾಗಿತ್ತು. ಆ ವರ್ಷ ಜಾನ್ ಜಿ. ಫೀ ಎಂಬ ಪಾದ್ರಿ ಇಲ್ಲಿ ಒಂದು ಕೋಣೆಯ ಶಾಲೆ ಶುರುಮಾಡಿದರು. ಜಾಗ ಕೊಟ್ಟವರು ಕ್ಯಾಸಿಯಸ್ ಕ್ಲೇ ಎಂಬ ರಾಜಕಾರಣಿ. ಫೀ ಅವರ ತಂದೆಯೇ ಗುಲಾಮರನ್ನು ಇಟ್ಟುಕೊಂಡಿದ್ದವರು. ಮಗ ಗುಲಾಮಗಿರಿಯ ವಿರುದ್ಧ ನಿಂತಾಗ ತಂದೆ ಅವರನ್ನು ಆಸ್ತಿಯಿಂದ ಹೊರಗಿಟ್ಟರು. ಮನುಷ್ಯರೆಲ್ಲ ಒಂದೇ ರಕ್ತದವರು ಎಂಬುದು ಫೀ ಅವರ ನಂಬಿಕೆ. 1859ರ ಕೊನೆಯಲ್ಲಿ ಗುಲಾಮಗಿರಿಯ ಪರವಾದ ಗುಂಪು ಅವರನ್ನೂ ಅಧ್ಯಾಪಕರನ್ನೂ ರಾಜ್ಯದಿಂದಲೇ ಓಡಿಸಿತು.

ಅಂತರ್ಯುದ್ಧ ಮುಗಿದ ಮೇಲೆ ಅವರು ವಾಪಸು ಬಂದರು. 1866ರಲ್ಲಿ ಶಾಲೆಯಲ್ಲಿ 187 ವಿದ್ಯಾರ್ಥಿಗಳಿದ್ದರು, 96 ಕಪ್ಪು ಜನಾಂಗದವರು, 91 ಬಿಳಿಯರು. ಹುಡುಗರೂ ಹುಡುಗಿಯರೂ ಇದ್ದರು. ಕೆಲವೇ ತಿಂಗಳ ಹಿಂದೆ ಮನುಷ್ಯರನ್ನು ಮಾರುತ್ತಿದ್ದ ಊರಿನಲ್ಲಿ ಅವರೆಲ್ಲ ಒಂದೇ ಕೋಣೆಯಲ್ಲಿ ಓದುತ್ತಿದ್ದರು. ದಕ್ಷಿಣದ ರಾಜ್ಯಗಳಲ್ಲಿ ಹೀಗೆ ಎಲ್ಲರನ್ನೂ ಒಟ್ಟಿಗೆ ಕೂರಿಸಿದ ಮೊದಲ ಕಾಲೇಜು ಇದೇ.

ಸುಮಾರು 40 ವರ್ಷ ಹೀಗೆ ನಡೆಯಿತು. 1904ರಲ್ಲಿ ಕೆಂಟಕಿಯ ಶಾಸನಸಭೆ ಡೇ ಕಾನೂನು ಎಂಬುದನ್ನು ತಂದಿತು. ಮಂಡಿಸಿದ ಶಾಸಕ ಕಾರ್ಲ್ ಡೇ. ಕಪ್ಪು ಮತ್ತು ಬಿಳಿ ವಿದ್ಯಾರ್ಥಿಗಳಿಗೆ ಒಟ್ಟಿಗೆ ಪಾಠ ಹೇಳುವ ಸಂಸ್ಥೆಗೆ 1,000 ಡಾಲರ್ ದಂಡ. ಬೇರೆ ಬೇರೆ ಶಾಖೆ ಮಾಡಿದರೂ ಅವುಗಳ ನಡುವೆ ಕನಿಷ್ಠ 25 ಮೈಲಿ ದೂರ ಇರಬೇಕು. ಆಗ ರಾಜ್ಯದಲ್ಲಿ ಹೀಗೆ ಒಟ್ಟಿಗೆ ಓದಿಸುತ್ತಿದ್ದ ಕಾಲೇಜು ಬೆರಿಯಾ ಒಂದೇ, ಅಂದರೆ ಕಾನೂನಿನ ಗುರಿ ಯಾರು ಎಂಬುದರಲ್ಲಿ ಗುಟ್ಟೇನೂ ಇರಲಿಲ್ಲ. ಕಾಲೇಜು ನ್ಯಾಯಾಲಯಕ್ಕೆ ಹೋಯಿತು. 1908ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕೂಡ ಕಾನೂನನ್ನು ಎತ್ತಿಹಿಡಿಯಿತು. ಕೆಂಟಕಿಯವರೇ ಆದ ನ್ಯಾಯಮೂರ್ತಿ ಜಾನ್ ಮಾರ್ಷಲ್ ಹಾರ್ಲನ್ ಭಿನ್ನ ತೀರ್ಪು ಬರೆದರು, ಆದರೆ ಬಹುಮತ ಅವರ ಕಡೆ ಇರಲಿಲ್ಲ.

ಬೆರಿಯಾ ತನ್ನ ಕಪ್ಪು ವಿದ್ಯಾರ್ಥಿಗಳನ್ನು ಕಳುಹಿಸಬೇಕಾಯಿತು. ಅವರು ಫಿಸ್ಕ್‌ನಂಥ ಬೇರೆ ಕಾಲೇಜುಗಳಲ್ಲಿ ಓದು ಮುಂದುವರಿಸಲು ನೆರವಾಯಿತು. ಹಣ ಸಂಗ್ರಹಿಸಿ ಅವರಿಗಾಗಿ ಲಿಂಕನ್ ಇನ್‌ಸ್ಟಿಟ್ಯೂಟ್ ಎಂಬ ಬೇರೆ ಶಾಲೆ ಕಟ್ಟಿತು. ಅದು 1912ರಲ್ಲಿ ತೆರೆಯಿತು. ಬೆರಿಯಾದ ಬಾಗಿಲು ಅವರಿಗೆ ಮತ್ತೆ ತೆರೆದದ್ದು 1950ರಲ್ಲಿ ಕಾನೂನು ತಿದ್ದುಪಡಿಯಾದ ಮೇಲೆ. 46 ವರ್ಷ! ಒಂದು ಕಾನೂನಿನಿಂದ ಎರಡು ತಲೆಮಾರು ಆ ತರಗತಿಯ ಹೊರಗೆ ಉಳಿಯಿತು.

ಕಾನೂನು ಬರುವ ಒಂದೇ ವರ್ಷ ಮುಂಚೆ, 1903ರಲ್ಲಿ, ಬೆರಿಯಾದಿಂದ ಪದವಿ ಪಡೆದ ಒಬ್ಬರ ಹೆಸರು ಕಾರ್ಟರ್ ಜಿ. ವುಡ್ಸನ್. ಅವರ ತಂದೆ ತಾಯಿ ಗುಲಾಮರಾಗಿದ್ದವರು. ಅವರು ಹುಡುಗನಾಗಿದ್ದಾಗ ಕಲ್ಲಿದ್ದಲ ಗಣಿಯಲ್ಲಿ ಕೆಲಸ ಮಾಡಿ, ತಡವಾಗಿ ಓದು ಶುರುಮಾಡಿದರು. 1912ರಲ್ಲಿ ಹಾರ್ವರ್ಡ್‌ನಿಂದ ಡಾಕ್ಟರೇಟ್ ಪಡೆದರು. 1926ರಲ್ಲಿ ಅವರು ಆರಂಭಿಸಿದ ಚರಿತ್ರೆಯ ವಾರವೇ ಇವತ್ತು ಪ್ರತಿ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ನಡೆಯುವ ಕಪ್ಪು ಜನರ ಚರಿತ್ರೆಯ ಮಾಸವಾಗಿದೆ. ಅವರು ಎರಡು ವರ್ಷ ತಡವಾಗಿ ಬಂದಿದ್ದರೆ ಬೆರಿಯಾದಲ್ಲಿ ಜಾಗ ಸಿಗುತ್ತಿರಲಿಲ್ಲ. ಹಾಗೆ ತಡವಾಗಿ ಬಂದವರಲ್ಲಿ ಎಷ್ಟು ಮಂದಿ ವುಡ್ಸನ್‌ಗಳಿದ್ದರೋ, ಆ ನಷ್ಟವನ್ನು ಯಾವ ಲೆಕ್ಕ ಪುಸ್ತಕದಲ್ಲೂ ಬರೆಯಲು ಆಗುವುದಿಲ್ಲ.

ನಾನು ಮೊದಲೇ ಹೇಳಿದ ನೊಬೆಲ್ ವಿಜ್ಞಾನಿ ಜಾನ್ ಫೆನ್. 1937ರಲ್ಲಿ ಬೆರಿಯಾದಿಂದ ಪದವಿ ಪಡೆದ ಅವರಿಗೆ 2002ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು. ಮಹಿಳೆಯರ ಮತ್ತು ಕಪ್ಪು ಜನರ ಹಕ್ಕುಗಳ ಬಗ್ಗೆ ಬರೆದ ಪ್ರಸಿದ್ಧ ಲೇಖಕಿ ಬೆಲ್ ಹುಕ್ಸ್ 2004ರಿಂದ ಇಲ್ಲಿ ಪಾಠ ಮಾಡಿದರು, 2021ರಲ್ಲಿ ಇದೇ ಊರಿನಲ್ಲಿ ತೀರಿಕೊಂಡರು.

ಮಿತಿಗಳು

ಹೊಗಳಿಕೆ ಮಾತ್ರ ಬರೆದರೆ ಅದು ಜಾಹೀರಾತಾಗುತ್ತದೆ. ಬೆರಿಯಾ ಎಲ್ಲರಿಗೂ ಸಿಗುವುದಿಲ್ಲ. ಕುಟುಂಬದ ಆದಾಯ ಕಡಿಮೆ ಇರುವವರಿಗೆ ಮಾತ್ರ ಪ್ರವೇಶ, ಅದರಲ್ಲೂ ಹೆಚ್ಚಿನವರು ಕೆಂಟಕಿ ಮತ್ತು ಅಪಲೇಶಿಯನ್ ಬೆಟ್ಟಗಳ ಕಡೆಯವರು. ಬೇರೆ ದೇಶದವರನ್ನೂ ಸೇರಿಸಿಕೊಳ್ಳುತ್ತಾರೆ, ಆದರೆ ಸೀಟುಗಳು ಬಹಳ ಕಡಿಮೆ, ಸ್ಪರ್ಧೆ ಬಹಳ. ಬೋಧನಾ ಶುಲ್ಕವಿಲ್ಲ ಎಂದರೆ ಊಟ, ವಸತಿ ಎಲ್ಲ ಉಚಿತ ಎಂದೂ ಅಲ್ಲ; ಕುಟುಂಬದ ಶಕ್ತಿಗೆ ತಕ್ಕಂತೆ ಅದಕ್ಕೆ ಕೊಡಬೇಕಾಗುತ್ತದೆ. ಅಮೆರಿಕದಲ್ಲಿ ಇದೇ ರೀತಿ ಎಲ್ಲರಿಗೂ ಕೆಲಸ ಕಡ್ಡಾಯ ಮಾಡಿದ ಬೇರೆ ಕಾಲೇಜುಗಳೂ ಇವೆ, ವಾರನ್ ವಿಲ್ಸನ್, ಬ್ಲ್ಯಾಕ್‌ಬರ್ನ್, ಟೆಕ್ಸಾಸ್‌ನ ಪಾಲ್ ಕ್ವಿನ್ ಮುಂತಾದವು. ಆದರೆ ಎಲ್ಲ ಸೇರಿಸಿದರೂ ಹತ್ತರ ಆಸುಪಾಸು.

ಇನ್ನೊಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಓದುವ ಹುಡುಗರು ದುಡಿಯುವುದು ಯಾವಾಗಲೂ ಒಳ್ಳೆಯದು ಎಂದು ನಾನು ಹೇಳುತ್ತಿಲ್ಲ. ಬೆರಿಯಾದಲ್ಲಿ ಕೆಲಸದ ಗಂಟೆಗಳನ್ನು ಓದಿಗೆ ತೊಂದರೆಯಾಗದ ಹಾಗೆ ಹೊಂದಿಸುತ್ತಾರೆ. ನಮ್ಮಲ್ಲಿ ಕೆಲವರು ರಾತ್ರಿ ಹನ್ನೊಂದರವರೆಗೆ ಅಂಗಡಿಯಲ್ಲಿದ್ದು ಬೆಳಿಗ್ಗೆ ತರಗತಿಯಲ್ಲಿ ತೂಕಡಿಸುತ್ತಾರೆ. ಅದು ಕಲಿಕೆಯಲ್ಲ, ಕಲಿಕೆಯನ್ನು ತಿನ್ನುವ ಕೆಲಸ. ಮನೆಯಲ್ಲಿ ಇಬ್ಬರ ಫೀಸು ಕಟ್ಟಲಾಗದೆ ಅಕ್ಕ ಓದು ನಿಲ್ಲಿಸಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದರೆ ಅದನ್ನೂ ಶ್ರಮದ ಗೌರವ ಎಂದು ಕರೆದು ಸುಮ್ಮನಾಗುವಂತಿಲ್ಲ. ಬೆರಿಯಾದಲ್ಲಿ ಮೊದಲು ಫೀಸಿನ ಭಾರ ಇಳಿಸಿದ್ದಾರೆ, ಕೆಲಸ ಅದರ ಜೊತೆಗೆ ಬರುತ್ತದೆ. ಆ ಕ್ರಮ ಮುಖ್ಯ.

ನಾವು ಏನು ಮಾಡಬಹುದು?

ನೂರು ಕೋಟಿ ಡಾಲರ್ ನಮ್ಮ ಹತ್ತಿರ ಇಲ್ಲ. ಆದರೆ ಈ ಪಾಠದಿಂದ ದುಡ್ಡಿಲ್ಲದೆ, ಅಥವಾ ಬಹಳ ಸ್ವಲ್ಪ ದುಡ್ಡಿನಲ್ಲಿ ತೆಗೆದುಕೊಳ್ಳಬಹುದಾದ ವಿಷಯಗಳಿವೆ. ಉಪನ್ಯಾಸಕರ ಮತ್ತು ಆಡಳಿತ ಮಂಡಳಿಯ ಮುಂದೆ ವಿನಯದಿಂದ ಇಡುತ್ತೇನೆ.

ಮೊದಲನೆಯದು, ಎರಡನೇ ಪಟ್ಟಿ. ಗ್ರಂಥಾಲಯದಲ್ಲಿ ಸಹಾಯ ಮಾಡಿದವರು, ವಾರ್ಷಿಕೋತ್ಸವದ ಲೆಕ್ಕ ಇಟ್ಟವರು, ಕಿರಿಯರಿಗೆ ಗಣಿತ ಹೇಳಿಕೊಟ್ಟವರು, ಹೊರಗೆ ದುಡಿಯುತ್ತಾ ಓದುವವರು, ಇವರ ಕೆಲಸವನ್ನು ಅವರ ಒಪ್ಪಿಗೆ ಪಡೆದು ಒಂದು ಪುಟದಲ್ಲಿ ಬರೆದು ವರ್ಗಾವಣೆ ಪತ್ರದ ಜೊತೆ ಕೊಡಬಹುದು. ಕಾಗದದ ಖರ್ಚು ಬಿಟ್ಟರೆ ಬೇರೇನೂ ಇಲ್ಲ.

ಎರಡನೆಯದು, ಎಲ್ಲರಿಗೂ ಒಂದೇ ನಿಯಮ. ವಾರಕ್ಕೆ ಒಂದು ಗಂಟೆ, ಮೂರೂ ವಿಭಾಗದವರು ಸರದಿಯಂತೆ ಕಾಲೇಜಿನ ಒಂದು ಕೆಲಸ ಮಾಡುವುದು. ಪುಸ್ತಕಗಳಿಗೆ ರಟ್ಟು ಹಾಕುವುದು, ಗಿಡಗಳಿಗೆ ನೀರು, ಪ್ರಯೋಗಾಲಯದ ಕಪಾಟು ಒರೆಸುವುದು. ರ‍್ಯಾಂಕ್ ಬರುವವರಿಗೆ, ದಾನಿಗಳ ಮಕ್ಕಳಿಗೆ, ಯಾರಿಗೂ ವಿನಾಯಿತಿ ಬೇಡ. ವಿನಾಯಿತಿ ಬಂದ ದಿನ ಆ ಕೆಲಸ ಮತ್ತೆ ಬಡವರದಾಗುತ್ತದೆ.

ಮೂರನೆಯದು, ಪುಟ್ಟ ದತ್ತಿನಿಧಿ. ಇಲ್ಲಿ ಓದಿ ಹೋದ ಹಳೆಯ ವಿದ್ಯಾರ್ಥಿಗಳು ಸೇರಿ ಒಂದು ಮೊತ್ತ ಇಟ್ಟು, ಮೂಲವನ್ನು ಮುಟ್ಟದೆ, ಅದರ ವರಮಾನದಿಂದ ಪ್ರತಿ ವರ್ಷ ಒಬ್ಬ ವಿದ್ಯಾರ್ಥಿಯ ಪರೀಕ್ಷಾ ಶುಲ್ಕ ಕಟ್ಟಿದರೂ ಸಾಕು. ಅದರ ಲೆಕ್ಕವನ್ನು ವಾಣಿಜ್ಯ ವಿಭಾಗದವರೇ ಇಟ್ಟು, ವರ್ಷಕ್ಕೊಮ್ಮೆ ಇದೇ ಪತ್ರಿಕೆಯಲ್ಲಿ ಪ್ರಕಟಿಸಬಹುದು. ಅದಕ್ಕಿಂತ ಒಳ್ಳೆಯ ಪ್ರಾಯೋಗಿಕ ಪಾಠ ನಮಗೆ ಎಲ್ಲಿ ಸಿಗುತ್ತದೆ?

ನೀವೇ ಬಿಡಿಸಿ

1. ಒಂದು ಕಾಲೇಜಿಗೆ ಈ ವರ್ಷ ದತ್ತಿನಿಧಿಗೆಂದು 2,00,000 ರೂಪಾಯಿ ಬಂದಿದೆ, ಹಿಂದಿನ ನಿಧಿಯ ಹೂಡಿಕೆಯಿಂದ 14,000 ರೂಪಾಯಿ ಬಂದಿದೆ. ಆದಾಯ ಮತ್ತು ವೆಚ್ಚದ ಖಾತೆಯಲ್ಲಿ ಯಾವುದನ್ನು ತೋರಿಸುತ್ತೀರಿ? ಇನ್ನೊಂದು ಎಲ್ಲಿಗೆ ಹೋಗುತ್ತದೆ?

2. ನಿಮ್ಮ ತರಗತಿಯಲ್ಲಿ 60 ಜನ ಇದ್ದಾರೆ. ಎಲ್ಲರೂ ವಾರಕ್ಕೆ ಒಂದು ಗಂಟೆ ಕೆಲಸ ಮಾಡಿದರೆ, 40 ಗಂಟೆಯ ವಾರದ ಲೆಕ್ಕದಲ್ಲಿ ಎಷ್ಟು ನೌಕರರ ಕೆಲಸವಾಗುತ್ತದೆ?

3. ನಿಮ್ಮ ಮನೆಯಲ್ಲಿ ನಿಮ್ಮ ಓದಿಗಾಗಿ ಯಾರು, ವಾರಕ್ಕೆ ಎಷ್ಟು ಗಂಟೆ ಕೆಲಸ ಮಾಡುತ್ತಾರೆ? ಒಂದು ಹಾಳೆಯಲ್ಲಿ ಹೆಸರು ಮತ್ತು ಗಂಟೆ ಬರೆದು ಕೂಡಿಸಿ. ಈ ಉತ್ತರವನ್ನು ಯಾರಿಗೂ ತೋರಿಸಬೇಕಾಗಿಲ್ಲ. ಆದರೆ ಅಕ್ಕನ ಹೆಸರನ್ನು ಬಿಟ್ಟುಬಿಡಬೇಡಿ.